ಮಲ್ಲಿಗೆ ಗಿಡಕ್ಕೆ ರೀಟೇಕ್

ಟೀವಿಯವರ ಸಹವಾಸ ಯಾರಿಗೂ ಬೇಡಪ್ಪ. ಇಪ್ಪತ್ತು ವರ್ಷ ಮಿಲಿಟರಿ ಪಟಾಲಮ್ಮಿನಲ್ಲಿ ಬಿಸಿಲು, ಹಿಮ, ಬೈಗುಳ ಎಲ್ಲ ತಿಂದು ಬಂದವನು ನಾನು, ಅಲ್ಲೆಲ್ಲೂ ತಲೆ ಇಷ್ಟು ಕೆಟ್ಟಿರಲಿಲ್ಲ. ರಿಟೈರ್ ಆಗಿ ಹೊರಮಾವಿನಲ್ಲಿ ಮನೆ ಕಟ್ಟಿಕೊಂಡು, ಆಫೀಸರ್ ಮೆಸ್ಸಿನ ತೋಟ ನೋಡಿಕೊಂಡು ಕಲಿತಿದ್ದನ್ನು ಅಂಗಳದಲ್ಲಿ ಮಾಡಿಕೊಂಡು ತೆಪ್ಪಗಿದ್ದೆ. ಯಾವುದೋ ಚಾನೆಲ್ಲಿನ ಡೈರೆಕ್ಟರ್ ಬಂದು, "ಸಾರ್, ಆ ಮೀಸೆ, ಆ ದನಿ! ಭಾನುವಾರ ಬೆಳಿಗ್ಗೆ ಕೈತೋಟದ ಕಾರ್ಯಕ್ರಮ ನೀವೇ ಮಾಡ್ಬೇಕು" ಅಂದ. ಉಬ್ಬಿಹೋದೆ. ಇರಲಾರದೆ ಇರುವೆ ಬಿಟ್ಟುಕೊಳ್ಳೋದು ಅಂದರೆ ಇದೇ.

ಮೊದಲನೇ ದಿನವೇ ಶುರುವಾಯಿತು. ನನ್ನ ಗುಲಾಬಿ ಗಿಡದಲ್ಲಿ ಎರಡೇ ಹೂವಿದೆ ಅಂತ ಶಿವಾಜಿನಗರದ ಮಾರ್ಕೆಟ್ಟಿನಿಂದ ಒಂದು ಬುಟ್ಟಿ ಗುಲಾಬಿ ತಂದು, ಕೊಂಬೆ ಕೊಂಬೆಗೂ ದಾರದಲ್ಲಿ ಕಟ್ಟಿಬಿಟ್ಟರು. ಆಮೇಲೆ ಹಾಲಿನ ಬೂತಿನ ಹತ್ತಿರ ಸಿಕ್ಕವರೆಲ್ಲ, "ಏನ್ ಗೊಬ್ಬರ ಹಾಕ್ತೀರಾ ಸಾರ್?" ಏನಂತ ಹೇಳಲಿ, ದಾರ ಅಂತಲಾ?

ಇಷ್ಟಾದ ಮೇಲೆ ಅವರ ಕಣ್ಣು ದುಂಡುಮಲ್ಲಿಗೆ ಮೇಲೆ ಬಿತ್ತು. ಅದು ನನ್ನ ಹೆಂಡತಿಯ ಗಿಡ. ಅವಳಮ್ಮ ತೀರಿಕೊಂಡಾಗ ನಾನು ಗಡಿಯಲ್ಲಿದ್ದೆ, ರಜ ಸಿಗಲಿಲ್ಲ. ಒಬ್ಬಳೇ ಎಲ್ಲ ಮುಗಿಸಿ, ಕೆ.ಆರ್. ಪುರದ ತವರಿನ ಹಿತ್ತಲಿನಿಂದ ಒಂದು ಕಡ್ಡಿ ತಂದು ಕುಂಡದಲ್ಲಿಟ್ಟಳು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೊತ್ತು ತಿರುಗಿ, ಕೊನೆಗೆ ಸ್ವಂತ ಅಂಗಳದಲ್ಲಿ ನೆಲಕ್ಕಿಳಿಸಿದಳು. ತವರಿನದು ಅಂತ ಉಳಿದಿದ್ದು ಅದೊಂದೇ. ಆ ಹಿತ್ತಲಲ್ಲಿ ಈಗ ಅಪಾರ್ಟ್‌ಮೆಂಟು.

"ಮಲ್ಲಿಗೆ ಹೆಂಗೆ ಸವರೋದು ಅಂತ ತೋರ್ಸಿ ಸಾರ್" ಅಂದ ಡೈರೆಕ್ಟರ್.

"ಅದು ಚಳಿಗಾಲದ ಕೆಲಸ ಕಣಪ್ಪ. ಈಗ ಮೊಗ್ಗು ಬಿಟ್ಟಿದೆ."

"ಮೊಗ್ಗಿದ್ರೇನೇ ಸಾರ್ ಟೀವಿಯಲ್ಲಿ ಚೆನ್ನಾಗಿ ಕಾಣೋದು. ಒಂದೇ ಒಂದು ಕೊಂಬೆ."

ಹೆಂಡತಿ ಕಡೆ ನೋಡಿದೆ. "ಒಂದೇ" ಅಂದಳು.

ಕತ್ತರಿಸಿದೆ. ರಸ್ತೆಯಲ್ಲಿ ಲಾರಿ ಹಾರನ್ ಹೊಡೆಯಿತು. "ಇನ್ನೊಂದ್ಸಲ ಸಾರ್." ಇನ್ನೊಂದು ಕೊಂಬೆ ಹೋಯಿತು. ಮೋಡ ಬಂತು ಅಂತ ಮತ್ತೊಂದು. ಪಕ್ಕದ ಮನೆಯ ಕುಕ್ಕರ್ ಕೂಗಿತು ಅಂತ ಮಗದೊಂದು. ಕತ್ತರಿಸಿದ ಕೊಂಬೆನ ವಾಪಸ್ ಅಂಟಿಸೋಕಾಗುತ್ತಾ ಸ್ವಾಮಿ? ಆದರೂ ನನ್ನ ಕೈ ನಿಲ್ಲುತ್ತಿಲ್ಲ. ಪಟಾಲಮ್ಮಿನ ಅಭ್ಯಾಸ ಅದು: ಮೊದಲು ಹುಕುಂ ಪಾಲಿಸು, ಗೊಣಗೋದಿದ್ದರೆ ಆಮೇಲೆ ಗೊಣಗು. ಅವನು "ರೆಡಿ" ಅಂದ ಕೂಡಲೇ ಬೆನ್ನು ತಾನಾಗೇ ನೆಟ್ಟಗಾಗುತ್ತಿತ್ತು, ಹಾಳಾದ್ದು. ಹೆಂಡತಿ ಬಿದ್ದ ಕೊಂಬೆಗಳಿಂದ ಮೊಗ್ಗು ಬಿಡಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ನೋಡ್ತಾ ನೋಡ್ತಾ ನಡುವಿನ ದಪ್ಪ ಕಾಂಡ ಒಂದೇ ಉಳಿಯಿತು.

"ಲಾಸ್ಟ್ ಸಾರ್. ಅದನ್ನೂ ಬುಡಕ್ಕೆ ಕತ್ತರಿಸ್ಬಿಡಿ."

"ಆಗಲ್ಲ!" ಅಂತ ಪರೇಡ್ ಮೈದಾನದ ದನಿಯಲ್ಲಿ ಅಬ್ಬರಿಸಿದೆ. ಮೈಕು ಹಿಡಿದಿದ್ದವನು ಹೌಹಾರಿ ಕುಂಡದ ಮೇಲೆ ಕುಕ್ಕರಿಸಿದ. ಡೈರೆಕ್ಟರ್ ಮಾತ್ರ, "ಸೂಪರ್ ಸಾರ್! ಇದನ್ನೇ ಕ್ಯಾಮೆರಾ ನೋಡ್ಕೊಂಡು ಇನ್ನೊಂದ್ಸಲ..." ಅಂದ. ಸಾಮಾನು ಸಮೇತ ಎಲ್ಲರನ್ನೂ ಗೇಟಿನಾಚೆ ಅಟ್ಟಿದೆ.

ಅವರ ವ್ಯಾನು ಹೋದ ಮೇಲೆ ಹೆಂಡತಿ ಹತ್ತಿರ ಹೋಗಿ, "ಬುಡ ಇದೆ, ಚಿಗುರುತ್ತೆ ಬಿಡೇ" ಅಂದೆ.

"ಚಿಗುರುತ್ತೆ, ಗೊತ್ತು" ಅಂದಳು. ಸೆರಗಿನಲ್ಲಿದ್ದ ಮೊಗ್ಗನ್ನೇ ನೋಡುತ್ತಿದ್ದಳು. "ಅಮ್ಮ ಹೋದಾಗ ರಜ ಇಲ್ಲ ಅಂದ್ರಲ್ಲ ನಿಮ್ಮ ಸಾಹೇಬ್ರು, ಆವತ್ತೂ ಒಂದ್ಸಲ ಹಿಂಗೇ ಕೂಗ್ಬಾರ್ದಿತ್ತಾ ರೀ?"