ಜಡ್ಜ್ ಮೇಡಂ ಹೇಳಿದ್ದು, ನಾನು ಹೇಳಿದ್ದು

ಜೊಹರಕ್ಕಾ, ಆ ಬ್ರಿಟಿಷ್ ಜಡ್ಜ್ ಮೇಡಂ ನಿಮ್ಮನ್ನು ದೋಹಾದಲ್ಲೇ ಇರಲು ಹೇಳಲಿಲ್ಲ. ಹೇಳಿದ್ದು ನಾನು. ಅವರ ಬಾಯಿಗೆ ನನ್ನ ಮಾತು ತುರುಕಿದೆ — ಅದೂ ನಿಮ್ಮ ಮನೆಯ ಕೋಳಿ ಸಾರು ಉಣ್ಣುತ್ತಲೇ.

ತೊಂಬತ್ತರ ದಶಕದ ನಡುವಿನ ಮಾತು. ದೋಹಾದ ಅಲ್ ಸದ್ದ್ ಬಡಾವಣೆಯ ವಕೀಲರ ಆಫೀಸೊಂದರಲ್ಲಿ ನಾನು ಡ್ರೈವರ್. ಭಾಷಣ ಮಾಡಲು ಲಂಡನ್ನಿನಿಂದ ಬಂದ ಮೇಡಂ ಅವರನ್ನು ವಾರವಿಡೀ ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹಿಂದಿನ ಸೀಟಿನಲ್ಲಿ ಕೂತು ತಮ್ಮ ಬದುಕನ್ನೆಲ್ಲ ಹೇಳಿಕೊಂಡರು. ಅವರು ವಕೀಲಿಕೆಗೆ ಇಳಿದಾಗ ಕೊಲೆ, ಕಂಪನಿ ಕೇಸುಗಳೆಲ್ಲ ಗಂಡಸರಿಗಂತೆ. ಗಂಡ ಹೆಂಡಿರ ಜಗಳ, ಮಕ್ಕಳ ಪಾಲನೆ — ಯಾರಿಗೂ ಬೇಡದ ಫೈಲುಗಳು ಇವರ ಮೇಜಿಗಂತೆ. ಅವನ್ನೇ ಓದಿ ಓದಿ ಹೈಕೋರ್ಟಿನ ಕುರ್ಚಿ ಏರಿದವರು. ಬೇರೆಯಾಗುತ್ತಿದ್ದ ಒಂದು ಜೋಡಿ, ತಾವು ಸಾಕಿದ ಗಿಳಿ ಯಾರಿಗೆಂದು ಮೂರು ದಿನ ವಾದಿಸಿತಂತೆ. ಕೊನೆಗೆ ಗಿಳಿಯನ್ನು ತರಿಸಿದರೆ ಅದು ಇಬ್ಬರನ್ನೂ ಬೈಯಿತಂತೆ. "ಯಾವ ಜಗಳದಲ್ಲೂ ಇನ್ನೂ ಬಾಯಿ ತೆರೆಯದವರು ಯಾರೆಂದು ಮೊದಲು ನೋಡುತ್ತೇನೆ" ಎಂದರು.

ಹೋಟೆಲ್ ಊಟ ಸಾಕಾಗಿದೆ, ಒಂದು ಮನೆಯೂಟ ಬೇಕು ಎಂದರು. ನನಗೆ ಗೊತ್ತಿದ್ದ ಮನೆ ಒಂದೇ — ಅಲ್ ಮುಂತಜಾದ ನಿಮ್ಮದು. ಆರು ದಿನ ಅಂಗಡಿಯ ಕುಬೂಸ್ ರೊಟ್ಟಿ, ಬೇಳೆ ನುಂಗುವ ನನ್ನಂಥ ಒಂಟಿ ಗಂಡಸಿಗೆ ರಜೆಯ ಶುಕ್ರವಾರವೆಂದರೆ ನಿಮ್ಮ ಅಕ್ಕಿರೊಟ್ಟಿ.

ಆಗ ಗಂಡ ಹೆಂಡಿರ ನಡುವೆ, ನಿಮಗೂ ಹಮೀದಾಕನಿಗೂ, ಎರಡು ವಾರದಿಂದ ಮಾತಿಲ್ಲ. ಮದುವೆಗಾಗಿ ಅರ್ಧಕ್ಕೆ ಬಿಟ್ಟ ಟೀಚರ್ ಟ್ರೈನಿಂಗ್‌ನ ಕೊನೆಯ ವರ್ಷ ಮುಗಿಸಲು ಮಗುವಿನೊಂದಿಗೆ ನೀವು ಮಂಗಳೂರಿಗೆ ಹೋಗಬೇಕು, ಅವರು ಬಿಡರು. ಬಂದವರು ಸಂಸಾರದ ಜಡ್ಜ್ ಎಂದು ತಿಳಿದದ್ದೇ ತಡ, ಹಮೀದಾಕ ಎಂಜಲು ಕೈಯಲ್ಲೇ ಎದ್ದು ನಿಂತರು.

"ಊರಲ್ಲಾದ್ರೆ ಜಮಾತಿನವರು ಕೂತು ತೀರ್ಮಾನ ಮಾಡ್ತಿದ್ರು ಮಾರಾಯ. ಇಲ್ಲಿ ಯಾರುಂಟು? ಇವರೇ ಹೇಳ್ಲಿ. ಖಲಾಸ್!"

ಇಲ್ಲಿ ನನಗೆ ಅಧಿಕಾರವಿಲ್ಲ ಎಂದು ಮೇಡಂ ಎಷ್ಟು ಹೇಳಿದರೂ ಹಮೀದಾಕ ಕೇಳಲಿಲ್ಲ. ಅವರ ತಟ್ಟೆಗೆ ಇನ್ನೊಂದು ತುಂಡು ಹಾಕಿ ಅರ್ಧ ಗಂಟೆ ವಾದಿಸಿದರು. ಅಲ್ಲಿಯವರೆಗೂ ನಾನು ಪ್ರಾಮಾಣಿಕ, ಒಂದಕ್ಷರ ಬಿಡದೆ ಇಂಗ್ಲಿಷ್ ಮಾಡಿದೆ. ಆಮೇಲೆ ಮೇಡಂ ನಿಮ್ಮತ್ತ ಕೈ ತೋರಿಸಿದರು.

"ನಂಗೆ ಒಂದೇ ವರ್ಷ ಸಾಕು. ಆಮೇಲೆ ಬರ್ತೇನೆ," ಎಂದಿರಿ ನೀವು.

ಮೇಡಂ ಹೇಳಿದ್ದು ಇಷ್ಟೇ: "ಈಕೆ ಹೋಗಲಿ. ತಡವಾದರೆ ಓದು ಕೈತಪ್ಪುತ್ತದೆ. ಗಂಡನಿಗೆ ಹದಿನೈದು ದಿನದಲ್ಲಿ ಅಡುಗೆ ಬರುತ್ತದೆ."

ಅವರ ಇಂಗ್ಲಿಷ್ ನಿಮ್ಮಿಬ್ಬರಿಗೂ ಅರ್ಥವಾಗಲಿಲ್ಲ. ಇಬ್ಬರೂ ನನ್ನ ಮುಖ ನೋಡಿದಿರಿ. ನನಗೋ ಐವತ್ತೆರಡು ಶುಕ್ರವಾರಗಳು ಕಣ್ಮುಂದೆ ಬಂದವು. ಹಮೀದಾಕ ಹದಿನೈದು ದಿನದಲ್ಲಿ ಕಲಿಯಬಹುದಾದ ಅಡುಗೆಯೂ ಬಂತು.

"ಮಗು ಸಣ್ಣದು, ಈ ವರ್ಷ ಇಲ್ಲೇ ಇರ್ಬೇಕಂತೆ. ಬರುವ ವರ್ಷ ನೋಡುವಾ ಅಂತಾರೆ," ಎಂದೆ.

ನೀವು ಪಾತ್ರೆ ಎತ್ತಿಕೊಂಡು ಒಳಗೆ ಹೋದಿರಿ.

"ನನ್ನ ಮಾತು ಕೇಳಿ ಆಕೆಯ ಮುಖ ಏಕೆ ಬಾಡಿತು?" ಎಂದು ಕಾರಿನಲ್ಲಿ ಮೇಡಂ ಕೇಳಿದರು. ನಮ್ಮ ಕಡೆ ಸಂತೋಷವಾದರೆ ಹಾಗೇ — ಎಂದುಬಿಟ್ಟೆ. ಸಾವಿರ ಸುಳ್ಳುಗಾರರನ್ನು ಕಂಡ ಕಣ್ಣು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿತ್ತು. ಹೋಟೆಲ್ ಬರುವವರೆಗೆ ನಾನು ಮತ್ತೆ ಆ ಕನ್ನಡಿ ನೋಡಲಿಲ್ಲ.

ಮುಂದಿನ ಶುಕ್ರವಾರ ಬಡಿಸುತ್ತಾ ನೀವೆಂದಿರಿ: "ಅಷ್ಟು ದೊಡ್ಡವರ ಮಾತು ನಮಗೆ ಬಿಡಿಸಿ ಹೇಳಿದ್ರಲ್ಲ, ಉಪಕಾರ ಆಯ್ತು. ಇನ್ನೊಂದು ರೊಟ್ಟಿ ಹಾಕ್ಲಾ?"

ಎರಡು ಹಾಕಿ ಎಂದೆ.

ಬರುವ ವರ್ಷ ನಿಮಗೆ ಎರಡನೇ ಮಗು. ಅದರ ಮುಂದಿನ ವರ್ಷ ಹಮೀದಾಕನ ಬೆನ್ನುನೋವು. ಆಮೇಲೆ — ಆಮೇಲೆ ಯಾರೂ ಆ ಮಾತೆತ್ತಲಿಲ್ಲ, ನಾನಂತೂ ಅಲ್ಲವೇ ಅಲ್ಲ.

ಹೋದ ತಿಂಗಳು ಬಂಟ್ವಾಳದ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ನೀವು ಮೊಮ್ಮಗನ ಕೈಹಿಡಿದು ಅಕ್ಷರ ತಿದ್ದಿಸುತ್ತಿದ್ದಿರಿ. ಟೀಚರ್ ಆಗಬೇಕಿತ್ತು ನೀವು ಎಂದಳು ಸೊಸೆ. ನೀವು ನಕ್ಕಿರಿ: "ಜಡ್ಜೇ ಬೇಡ ಅಂದ್ರಲ್ಲ ಮಗಾ!" ನಾನು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಕೈತೊಳೆದೆ.

ಇಲ್ಲ ಅಕ್ಕಾ. ಜಡ್ಜ್ ಹೋಗಲಿ ಅಂದಿದ್ದರು. ಈ ಕಾಗದವನ್ನು ಹಮೀದಾಕನಿಗೂ ಸೊಸೆಗೂ ಓದಿ ಹೇಳಿ. ಶುಕ್ರವಾರ ಬರುತ್ತೇನೆ, ಬೈಸಿಕೊಳ್ಳಲು. ರೊಟ್ಟಿಗೆಂದು ನನ್ನ ಪಾಲಿನ ಅಕ್ಕಿ ನೆನೆಹಾಕಬೇಡಿ.