ಹೆಂಡವೆಂದು ತಳ್ಳಿದ ಗಂಜಿ

ಇಳಕಲ್ಲಿನ ಚೇತನಕುಮಾರ ಸಿಂಗಾಪುರದ ಉಬಿ ಬಡಾವಣೆಯ ಒಂದು ಯಂತ್ರದ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್. 2004ರಲ್ಲಿ ಕಂಪನಿ ಅವನನ್ನು ಟ್ರೇನಿಂಗಿಗೆಂದು ಒಂದು ವರ್ಷ ಉತ್ತರ ಜಪಾನಿನ ಯೊಕೊತೆ ಎಂಬ ಊರಿಗೆ ಕಳಿಸಿತ್ತು. ಮರಳಿದ ಮೇಲೆ ಸಿಂಗಾಪುರದ ಕನ್ನಡದವರಲ್ಲಿ ಅವನು ‘ಜಪಾನ್ ಚೇತನ್’ ಆದ. ಯಾರ ಮನೆಗೆ ಊಟಕ್ಕೆ ಹೋದರೂ ಒಂದು ಕತೆ ಹೇಳಲೇಬೇಕು. ಚಳಿಗಾಲದ ಹಬ್ಬಕ್ಕೆ ಆ ಊರಿನವರು ಹಿಮದ ಗುಡಿಸಲು ಕಟ್ಟಿ, ಒಳಗೆ ನೀರಿನ ದೇವರನ್ನು ಕೂರಿಸಿ, ಬಂದವರಿಗೆಲ್ಲ ಮಕ್ಕಳ ಕೈಯಿಂದ ಹೆಂಡ ಕೊಡಿಸುತ್ತಾರೆ. ಲಿಂಗ ಕಟ್ಟಿದ ತಾನು ಹೇಗೋ ತಪ್ಪಿಸಿಕೊಂಡು ಬಂದೆ ಅಂತ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

2007ರಲ್ಲಿ ಆಫೀಸಿಗೆ ಮಿಚಿಕೊ ಎಂಬ ಹಿರಿಯ ಹೆಂಗಸು ಅನುವಾದಕಿಯಾಗಿ ಬಂದರು. ಅವರ ತವರು ಯೊಕೊತೆಯ ಪಕ್ಕದ ಹಳ್ಳಿ. ಸಾಲು ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಊಟಕ್ಕೆ ಕೂತಾಗ ಚೇತನ ಅವರೆದುರಿಗೂ ಅದೇ ಕತೆ ಹೇಳಿದ. ಅವರು ನಗಲಿಲ್ಲ.

“ಅದು ಹೆಂಡ ಅಲ್ಲ. ಅಕ್ಕಿಯಿಂದ ಮಾಡೋ ಸಿಹಿ ಗಂಜಿ, ಮಕ್ಕಳೂ ಕುಡೀತಾರೆ. ನೀವು ಕೇಳಲಿಲ್ವಾ?”

ಚೇತನ ಕೇಳಿರಲಿಲ್ಲ. ಕತೆಯಲ್ಲಿ ಅವನು ಹೇಳದೆ ಬಿಡುತ್ತಿದ್ದ ಭಾಗ ಒಂದಿತ್ತು. ಅವನನ್ನು ಆ ಗುಡಿಸಲಿಗೆ ಕರೆದೊಯ್ದಿದ್ದು ಅವನು ಬಾಡಿಗೆಗಿದ್ದ ಮನೆಯ ಒಡತಿ ಇತೋ-ಸಾನ್, ಅರವತ್ತು ದಾಟಿದವರು. ಎಂಟು ವರ್ಷದ ಒಬ್ಬ ಹುಡುಗಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಚಾಚಿದಾಗ ಅವನು ಹುದುಗಿದ ವಾಸನೆಗೇ ಹೆಂಡವೆಂದುಕೊಂಡು, ಬೆಚ್ಚಿ ಅದನ್ನು ತಳ್ಳಿಬಿಟ್ಟಿದ್ದ. ಬಟ್ಟಲಲ್ಲಿದ್ದದ್ದು ದೇವರ ಮುಂದೆಯೇ ಚೆಲ್ಲಿತು. ಇತೋ-ಸಾನ್ ಮಂಡಿಯೂರಿ, ನೆಲಕ್ಕೆ ಹಣೆ ಹಚ್ಚಿ, ಅವನ ಪರವಾಗಿ ಆ ಮಗುವಿನ ಕ್ಷಮೆ ಕೇಳಿದ್ದರು.

ಆ ದಿನ ವುಡ್‌ಲ್ಯಾಂಡ್ಸಿನ ಮನೆಗೆ ಬಂದವನು ಹೆಂಡತಿ ಸುರೇಖಾಗೆ ಎಲ್ಲವನ್ನೂ ಹೇಳಿದ. ದೇವರ ಮುಂದೆ ಕೊಟ್ಟ ಪ್ರಸಾದವನ್ನು ಹೆಂಡ ಅಂತ ಊರೆಲ್ಲ ಸಾರಿಕೊಂಡು ಬಂದೆನಲ್ಲ ಎಂದ. ಸುರೇಖಾ ಸಮಾಧಾನ ಹೇಳಲಿಲ್ಲ. ಆ ಅಮ್ಮನಿಗೆ ಕಾಗದ ಬರೀರಿ ಎಂದಳಷ್ಟೆ.

ಮಿಚಿಕೊ ನೆರವಿನಿಂದ ಬರೆದ. ತಿಂಗಳಾದ ಮೇಲೆ ಉತ್ತರ ಬಂತು, ಮಿಚಿಕೊ ಓದಿ ಹೇಳಿದರು. ಇತೋ-ಸಾನ್‌ಗೆ ಅವನ ಮೇಲೆ ಸಿಟ್ಟಿರಲಿಲ್ಲ. ಆದರೆ ಆ ಹುಡುಗಿ, ಗಂಜಿ ತುಂಬಾ ಬಿಸಿಯಾಗಿ ಪರದೇಶದ ಅಣ್ಣನ ಕೈ ಸುಟ್ಟಿತು, ತಪ್ಪು ತನ್ನದೇ ಎಂದುಕೊಂಡು ಅತ್ತಿದ್ದಳಂತೆ. ಮರುವರ್ಷ ಗುಡಿಸಲಲ್ಲಿ ಕೂರಲು ಒಪ್ಪಲೇ ಇಲ್ಲವಂತೆ.

ಚೇತನ ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ.

ಆ ಭಾನುವಾರ ಕನ್ನಡದ ಗೆಳೆಯ ದ್ವಾರಕನಾಥ್ ಅವರ ಮನೆಯ ಊಟದಲ್ಲಿ ಎಲ್ಲರೂ ಮತ್ತೆ ಜಪಾನಿನ ಕತೆ ಹೇಳು ಎಂದರು. ಚೇತನ ಹೇಳಿದ, ಈ ಸಲ ಒಂದನ್ನೂ ಬಿಡದೆ. ಯಾರೂ ನಗಲಿಲ್ಲ. ದ್ವಾರಕನಾಥ್ ಆಫೀಸಿನ ಮಾತು ತೆಗೆದರು.