ವಗ್ದಿಯ ಲಿವರಿನ ಕೊಬ್ಬು

ಬೆಳಕು ಹರಿಯುವ ಮುಂಚೆ ರಬಾಬ್‌ಗೆ ಇಷ್ಟು ಕೆಲಸ: ಹಿಟ್ಟು ನಾದಿ, ತೆಳ್ಳಗೆ ಎಳೆದು, ತುಪ್ಪ ಸವರಿ ಪದರ ಪದರ ಮಡಚಿ ಗಂಡ ವಗ್ದಿಗೆ ಫತೀರ್ ರೊಟ್ಟಿ ಬೇಯಿಸುವುದು, ಮಾವನಿಗೆ ಉಪ್ಪಿಲ್ಲದ ಅಡುಗೆ, ಮಾಳಿಗೆಯ ಬಾತುಗಳಿಗೆ ಕಾಳು, ಮಗಳ ಜಡೆ. ಅಷ್ಟರಲ್ಲಿ ನಾದಿನಿ ನಈಮಾ ಬಟ್ಟೆ ಒಗೆದಿರುತ್ತಿದ್ದಳು. ಆಮೇಲೆ ಮನ್ಸೂರಾ ಪಟ್ಟಣದ ಆಸ್ಪತ್ರೆ. ಅಲ್ಲಿ ರಬಾಬ್ ಡಾಕ್ಟರೇಟ್ ಮುಗಿಸಿದ ಸಂಶೋಧಕಿ. ಕಾಂತದ ಯಂತ್ರದೊಳಗೆ ಮಲಗಿದವರ ಲಿವರ್ ಪರದೆಯ ಮೇಲೆ ಒಂದು ಗೆರೆಯಾಗಿ ಮೂಡುತ್ತದೆ. ಅದರಲ್ಲಿ ನೀರಿಗೊಂದು ಶಿಖರ, ಕೊಬ್ಬಿಗೊಂದು. ಅದನ್ನು ಓದಬಲ್ಲವಳು ಅವಳೊಬ್ಬಳೇ.

ಮಾವನ ಲಿವರ್ ಹಳೆಯ ಸೋಂಕಿನಿಂದ ಕಲ್ಲಾಗಿತ್ತು. ಮನೆಯವರೊಬ್ಬರು ತಮ್ಮ ಲಿವರಿನ ಭಾಗ ಕೊಡಬೇಕು. ಇನ್ನು ಮೂರು ತಿಂಗಳು ಕಾಯಬಹುದು ಎಂದಿದ್ದರು ವೈದ್ಯರು. ರಕ್ತ ಹೊಂದಿದ್ದು ವಗ್ದಿ, ನಈಮಾ ಇಬ್ಬರದೇ. ತಾನೇ ಕೊಡುವುದಾಗಿ ವಗ್ದಿ ಕಾಫಿಯಂಗಡಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ.

ಅವನ ಲಿವರಿನಲ್ಲಿ ಕೊಬ್ಬು ಶೇಕಡಾ ಹನ್ನೊಂದು ಬಂತು. ಅಷ್ಟಿದ್ದರೆ ಆಗದು. ರಬಾಬ್ ಮತ್ತೆ ಅಳೆದಳು, ಅದೇ. ಚಳಿಗಾಲದಲ್ಲಿ ಅವಳ ಅಧ್ಯಯನಕ್ಕೆ ಆರೋಗ್ಯವಂತರು ಸಾಲದೆ ಇವನನ್ನೇ ಮಲಗಿಸಿದ್ದಳು, ಆಗ ಮೂರಿತ್ತು. ಕೊಬ್ಬಿದ್ದವರದು ತೆಗೆದುಕೊಳ್ಳುವುದಿಲ್ಲ ಎಂದು ವೈದ್ಯರು ಮನೆಯವರಿಗೆಲ್ಲ ಹೇಳಿದ ವಾರದಿಂದಲೇ ಅಲ್ಲವೇ ಇವನು ದಿನಾ ಫತೀರ್ ಕೇಳತೊಡಗಿದ್ದು? ಅದುವರೆಗೆ ಬೆಳಿಗ್ಗೆ ಬರೀ ಚಹಾ ಕುಡಿಯುತ್ತಿದ್ದವನು. ತುಪ್ಪ ಸಾಲದೆಂದು, ಕಾಕಂಬಿ ಸುರಿಯಲಿಲ್ಲವೆಂದು ತಟ್ಟೆ ತಳ್ಳಿದ್ದ. ನಾಲ್ಕು ಗಂಟೆಗೆ ಎದ್ದು ಆ ಕೊಬ್ಬನ್ನು ಬೇಯಿಸಿಕೊಟ್ಟದ್ದು ಅವಳದೇ ಕೈ.

ಸಂಜೆ ಕೇಳಿದಳು. ಅವನು ನಕ್ಕ. "ನಾನು ತಿಂದಿದ್ದಕ್ಕೂ ನಿನ್ನ ಯಂತ್ರಕ್ಕೆ ಲೆಕ್ಕ ಕೊಡ್ಬೇಕಾ, ಡಾಕ್ಟ್ರಮ್ಮಾ?"

ಅತ್ತೆ ಮಧ್ಯೆ ಬಂದರು. ನಈಮಾ ಕೊಡಲಿ, ಅವಳಿಗೆ ಗಂಡನೇ ಮಕ್ಕಳೇ, ಎರಡು ತಿಂಗಳು ಮಲಗಿದರೆ ಏನು ಮುಳುಗೀತು ಎಂದರು. ಅವಳು ಮಲಗಿದರೆ ಒಗೆಯುವವರು ಯಾರೆಂಬುದು ಮಾತಿಗೇ ಬರಲಿಲ್ಲ.

ಮರುದಿನ ಯಂತ್ರದ ಹಲಗೆಯ ಮೇಲೆ ಮಲಗುತ್ತ ನಈಮಾ ಮೆಲ್ಲಗೆ ಹೇಳಿದಳು: "ಅಪ್ಪಂಗೆ ಕೊಡೋಕೆ ನಂಗೇನೂ ಬೇಜಾರಿಲ್ಲ, ರಬಾಬ್. ಆದ್ರೆ ಕೊಡ್ತೀಯಾ ಅಂತ ಯಾರೂ ಕೇಳ್ಲೇ ಇಲ್ಲ ನೋಡು."

ಅವಳದು ಎರಡು ಬಂತು. ಚೊಕ್ಕ ಲಿವರ್.

ನಈಮಾಳನ್ನು ಬಸ್ಸಿಗೆ ಹತ್ತಿಸಿ ಬಂದು ರಬಾಬ್ ಬಾಗಿಲು ಹಾಕಿಕೊಂಡಳು. ಅಧ್ಯಯನಕ್ಕೆ ಬಂದವರ ಸಂಖ್ಯೆಗಳನ್ನು ಹೊರಗೆ ತೋರಿಸುವಂತಿಲ್ಲ. ಚಳಿಗಾಲದ ಆ ಮೂರನ್ನು ಅವಳು ಬರೆಯಲಿಲ್ಲ. ನಈಮಾಳ ಎರಡನ್ನು ಬದಲಿಸಲೂ ಇಲ್ಲ. ವಗ್ದಿಯ ವರದಿಯಲ್ಲಿ ಹನ್ನೊಂದು ಎಂದು ತುಂಬಿ, ಸಲಹೆಯ ಜಾಗದಲ್ಲಿ ಬರೆದಳು: "ಎಂಟು ವಾರ ಪಥ್ಯ ಮಾಡಿಸಿ ಮತ್ತೆ ಅಳೆಯಬೇಕು. ಅಲ್ಲಿಯವರೆಗೆ ಇನ್ನೊಬ್ಬರನ್ನು ನಿಗದಿ ಮಾಡಬಾರದು. ತಂಗಿಯನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕು."

ಕೆಳಗೆ ಸಹಿ ಹಾಕಿದಳು. ಗಂಡನಿಗೆ ಫೋನ್ ಮಾಡದೆ ವರದಿ ಕಳಿಸಿದಳು.